ಗಾಣದ ಅರಿವೆಯ ಹಂಗಾಮು

ಇಚಲಕರಂಜಿಯ ಸ್ಟ್ಯಾಂಡಿಗೆ ಬಸ್ಸು ತಿರುಗುವ ಮೊದಲೇ ಗಂಜಿಯ ವಾಸನೆ ಬರುತ್ತದೆ. ನೂಲಿಗೆ ಗಂಜಿ ಕುಡಿಸಿ ಒಣಗಿಸುವ ಸೈಜಿಂಗ್ ಕಾರಖಾನೆಗಳಿಂದ ಏಳುವ, ಅನ್ನ ತಳ ಹಿಡಿದಂಥ ಬೆಚ್ಚನೆಯ ಹುಳಿ ವಾಸನೆ. ಆ ಊರಿನವರಿಗೆ ಅದು ಗೊತ್ತೂ ಆಗುವುದಿಲ್ಲ. ಮೊನ್ನೆ ಅವ್ವನ ತಂಗಿ, ನಮ್ಮ ಮೌಶಿಯ ಮಗಳ ಮದುವೆಯ ಜವಳಿಗೆಂದು ಮನೆಯವರೆಲ್ಲರ ಜೊತೆ ಹೋಗಿದ್ದೆ. ಕಿಟಕಿಯಿಂದ ಆ ವಾಸನೆ ಒಳಗೆ ಬಂದದ್ದೇ ತಡ, ನನ್ನ ಹಲ್ಲು ತಾವಾಗಿಯೇ ಕಚ್ಚಿಕೊಂಡವು.

"ಯಾಕ, ತಲಿ ನೋಯಾಕತ್ತೇತೇನು?" ಪಕ್ಕದಲ್ಲಿದ್ದ ಅವ್ವ ಕೇಳಿದಳು.

"ಇಲ್ಲ," ಅಂದೆ. ತಲೆ ನೋಯುತ್ತಿರಲಿಲ್ಲ. ಸಿಟ್ಟು ಬಂದಿತ್ತು.

ಹಳೆಯದೆಲ್ಲ ಕಾಲ ಕಳೆದಂತೆ ಸಿಹಿಯಾಗುತ್ತದೆ ಅನ್ನುವವರಿದ್ದಾರೆ. ನನಗೆ ಹಾಗಾಗಿಲ್ಲ. ಕೊಲ್ಹಾಪುರದಲ್ಲಿ ಎಂ.ಬಿ.ಎ. ಎರಡನೆಯ ವರ್ಷ ಓದುತ್ತಿದ್ದಾಗಿನ ಆ ಒಂದು ಕಬ್ಬಿನ ಹಂಗಾಮು ನನ್ನೊಳಗೆ ಇನ್ನೂ ಹಸಿಯಾಗಿದೆ. ನೆನೆದರೆ ಇವತ್ತಿಗೂ ಯಾರ ಜೊತೆಗಾದರೂ ಜಗಳ ತೆಗೆಯಬೇಕು ಅನ್ನಿಸುತ್ತದೆ.

ನಮ್ಮದು ಗಡಹಿಂಗ್ಲಜದ ಜೈನ ಮನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಕನ್ನಡ ಅಕ್ಷರ ನಾನು ಕಲಿತದ್ದು ಅವ್ವನ ಪೂಜೆಯ ಪುಸ್ತಕದಿಂದ. ಕಾಲೇಜಿನಲ್ಲಿ ನಾನು ಮಾರ್ಕೆಟಿಂಗ್ ತೆಗೆದುಕೊಂಡಿದ್ದೆ. ಆ ವರ್ಷ ಇಬ್ಬಿಬ್ಬರು ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಯಾವುದಾದರೂ ಒಂದು ಉದ್ಯಮ ಆರಿಸಿಕೊಂಡು, ಅದರಲ್ಲಿರುವ ಕಂಪನಿಗಳು ಯಾವುವು, ಮಾಲು ಯಾರು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ ಅನ್ನುವುದನ್ನೆಲ್ಲ ತಿರುಗಿ ತಿಳಿದು ಬರೆಯಬೇಕು. ಕೊನೆಗೆ ಒಂದು ಕಂಪನಿಯಿಂದ 'ಇವರು ನಮ್ಮಲ್ಲಿ ಕೆಲಸ ಮಾಡಿದ್ದಾರೆ' ಅಂತ ಸರ್ಟಿಫಿಕೇಟು ತರಬೇಕು. ಅದಿಲ್ಲದೆ ಕಾಲೇಜಿನವರು ಪ್ರಾಜೆಕ್ಟು ಮುಟ್ಟುವುದಿಲ್ಲ. ನನ್ನ ಜೊತೆಗಾರ ಓಂಕಾರ, ಕೊಲ್ಹಾಪುರದವನೇ. ಮಾತಿನಲ್ಲಿ ಜಾಣ, ಗರಿಗರಿಯಾದ ಅಂಗಿ, ಯಾರನ್ನು ಕಂಡರೂ ನಗು.

ದೀಪಾವಳಿ ಮುಗಿದು ಚಳಿ ಬಿದ್ದಿತ್ತು. ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ಸಿಕ್ಕಿಬಿದ್ದ ಸಿಟಿ ಬಸ್ಸಿನಲ್ಲಿ ನಿಂತುಕೊಂಡು ನಾವು ಕಂಪನಿ ಕಂಪನಿ ಅಲೆದೆವು. ಮೊದಲು ಫೌಂಡ್ರಿಗಳಿಗೆ ಹೋದೆವು. ಒಂದು ಕಡೆ ಕಾವಲುಗಾರ ಗೇಟು ತೆಗೆಯಲೇ ಇಲ್ಲ. ಇನ್ನೊಂದು ಕಡೆ ಒಳಗೆ ಕೂರಿಸಿದರು. ಕರಿಮಣ್ಣಿನ ಧೂಳು ಕೂತ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತೆವು. ಕೊನೆಗೆ ಮ್ಯಾನೇಜರು ತಾನೇ ಬಂದು, ಕೈಮುಗಿದು, ಚಹಾ ತರಿಸಲೇ ಅಂತ ಕೇಳಿದ. ನಾವು ಕಾಲೇಜಿನವರು ಅಂದೆವು. "ಕಾಲೇಜಾ? ಮಾಲಿನ್ಯದ ಆಫೀಸಿನಿಂದ ಬಂದಿದ್ದೀರಿ ಅಂತ ತಿಳಿದಿದ್ದೆ," ಅಂದ. ಅವನ ಮುಖದಿಂದ ಹೆದರಿಕೆ ಹೋಯಿತು, ಅದರ ಜೊತೆಗೇ ಮರ್ಯಾದೆಯೂ ಹೋಯಿತು. ಚಹಾ ಬರಲಿಲ್ಲ.

ಚಪ್ಪಲಿ ಗಲ್ಲಿಯಲ್ಲಿ ಒಬ್ಬ ಮುದುಕ ನಮ್ಮ ಕೈಯಲ್ಲಿದ್ದ ಪ್ರಶ್ನೆಯ ಹಾಳೆ ಕಂಡದ್ದೇ ಎದ್ದು ನಿಂತ. "ತುಮ್ಹೀ ಲೋಕ ದರವರ್ಷೀ ಯೇತಾ!" ಅಂತ ಕೂಗಿದ. ಪ್ರತಿ ವರ್ಷ ಬರುತ್ತೀರಿ, ಇದ್ದದ್ದನ್ನೇ ಕೇಳುತ್ತೀರಿ, ನನ್ನ ಉತ್ತರದಿಂದ ನೀವು ಪಾಸಾಗುತ್ತೀರಿ, ನನಗೇನು ಸಿಕ್ಕಿತು ಹೇಳಿ ಅಂದ. ಓಂಕಾರ ನಗುತ್ತ ಏನೋ ಸಮಾಧಾನ ಹೇಳಹೋದ. ಮುದುಕ ಅವನ ಭುಜ ಹಿಡಿದು ಮೆಟ್ಟಿಲು ಇಳಿಸಿದ. ಬೆಲ್ಲದ ಪೇಟೆಯಲ್ಲಿ ಒಬ್ಬ ಅಡತಿ ವ್ಯಾಪಾರಿ ಹರಾಜಿನ ಸವಾಲು ನಡೆಯುವಾಗ ಕೂರಲು ಬಿಟ್ಟ. ಆಮೇಲೆ ಅವನ ಗುಮಾಸ್ತ ಬಂದು, ಕೂತದ್ದು ಸಾಕು, ಗಿರಾಕಿಗಳು ನಿಮ್ಮನ್ನೇ ನೋಡುತ್ತಿದ್ದಾರೆ ಅಂತ ಎಬ್ಬಿಸಿದ.

ನಮ್ಮ ಗೈಡ್ ಸರ್ ಇದನ್ನೆಲ್ಲ ಇಡೀ ಕ್ಲಾಸಿನ ಮುಂದೆ ಹೇಳಿಸಿದರು. ಹುಡುಗರು ನಗುವವರೆಗೂ ಬಿಡಲಿಲ್ಲ. "ಮಾರ್ಕೆಟಿಂಗ್ ಅಂದರೆ ಬಾಗಿಲು ತೆಗೆಸುವ ವಿದ್ಯೆ. ನಿಮಗೆ ಒಂದು ಬಾಗಿಲೂ ತೆಗೆಸಲಾಗಲಿಲ್ಲ. ಹಳ್ಳಿಯ ಪೋರಿಗೆ ಈ ವಿಷಯ ಯಾಕೆ ಬೇಕಿತ್ತು?" ಅಂದರು. ಅವರು ಮರಾಠಿಯಲ್ಲಿ ಹೇಳಿದ ಆ ಮಾತು ನನಗೆ ಇವತ್ತಿಗೂ ಅಕ್ಷರಕ್ಕಕ್ಷರ ನೆನಪಿದೆ. ಹೀಗೆ ನೆಲಕ್ಕೆ ಕೆಡವಿದ ಮೇಲೆ, ಮರುದಿನ ತಮ್ಮ ಕೋಣೆಗೆ ಕರೆದು ಮೆತ್ತಗೆ ಮಾತಾಡಿದರು. ಇಚಲಕರಂಜಿಯಲ್ಲಿ ತಮಗೆ ಗೊತ್ತಿರುವ ಒಬ್ಬ ಜವಳಿ ಶೇಠ ಇದ್ದಾರೆ, ನಿಮಗೆ ಪ್ರಾಜೆಕ್ಟ್ ಕೊಡುತ್ತಾರೆ, ಸರ್ಟಿಫಿಕೇಟೂ ಕೊಡುತ್ತಾರೆ, ಹೋಗಿ ಅಂದರು. ಬಾಯಾರಿದವರು ನೀರು ಕಂಡ ಹಾಗೆ ನಾವು ಓಡಿದೆವು.

ಶೇಠ ಗೋದಾಮಿನ ಮೇಲಿನ ಮಾಳಿಗೆಯಲ್ಲಿ ಕೂರುತ್ತಿದ್ದರು. ಬಿಳಿ ಬಟ್ಟೆ, ಸಣ್ಣ ದನಿ. ಚಹಾ ಬಂತು, ಅವಲಕ್ಕಿ ಬಂತು. ಅಷ್ಟು ದಿನ ಎಲ್ಲರೂ ಅಟ್ಟಿದ್ದರಿಂದ ನನಗೆ ಆ ಅವಲಕ್ಕಿಯೇ ದೊಡ್ಡ ಗೌರವ ಅನ್ನಿಸಿತು. ವಿಷಯವನ್ನು ಅವರೇ ಕೊಟ್ಟರು: ಗಾಣದ ಅರಿವೆ.

ನಮ್ಮ ಕಡೆ ಬೆಲ್ಲ ಮಾಡುವ ಆಲೆಮನೆಗೆ ಗಾಣ ಅನ್ನುತ್ತಾರೆ. ಕೊಪ್ಪರಿಗೆಯಲ್ಲಿ ಕುದ್ದ ಪಾಕವನ್ನು ಬಕೆಟ್ಟಿನಂಥ ಅಚ್ಚಿಗೆ ಸುರಿಯುವ ಮೊದಲು ಒಳಗೆ ಒದ್ದೆ ಅರಿವೆ ಹಾಸುತ್ತಾರೆ. ಬೆಲ್ಲ ಆರಿ ಗಟ್ಟಿಯಾದ ಮೇಲೆ ಅರಿವೆ ಹಿಡಿದೆತ್ತಿದರೆ ಬೆಲ್ಲದ ಪೆಂಟೆ ಇಡಿಯಾಗಿ ಹೊರಗೆ ಬರುತ್ತದೆ. ಅದಕ್ಕೆ ದಪ್ಪ ನೂಲಿನ, ಒಂದು ನಮೂನೆಯ ಹತ್ತಿಯ ಅರಿವೆಯೇ ಬೇಕು. ಕೊಲ್ಹಾಪುರದ ಸುತ್ತ ಎಷ್ಟೋ ಗಾಣಗಳಿಗೆ ಆ ಅರಿವೆ ಹೋಗುತ್ತಿದ್ದದ್ದು ಇಚಲಕರಂಜಿಯ ಒಂದು ಸಣ್ಣ ಮನೆಯಿಂದ. ನೇಯುವವರು ಶಂಕ್ರವ್ವ ಮತ್ತು ಅವಳ ಗಂಡ. ನನಗೆ ಆ ಹೆಸರು ಗೊತ್ತಿತ್ತು, ಗಡಹಿಂಗ್ಲಜದಲ್ಲಿ ನಮ್ಮ ಭೂಪಾಲ ಕಾಕಾನ ಗಾಣಕ್ಕೂ ಅವಳದೇ ಅರಿವೆ ಬರುತ್ತಿತ್ತು.

"ಸಣ್ಣ ವಿಷಯ, ಯಾರೂ ಅಭ್ಯಾಸ ಮಾಡಿಲ್ಲ. ನಿಮ್ಮದು ಹೊಸದಾಗುತ್ತದೆ," ಅಂದರು ಶೇಠ. ಏನೇನು ಕೇಳಬೇಕು ಅನ್ನುವುದನ್ನೂ ಹೇಳಿದರು. ಅವಳು ಯಾವ ಯಾವ ಗಾಣಕ್ಕೆ ಹೋಗುತ್ತಾಳೆ, ಹಂಗಾಮಿನ ಮೊದಲು ಹೋಗುತ್ತಾಳೋ ನಡುವೆಯೋ, ಗಾಣದವರು ಬೇರೆಯವರ ಅರಿವೆ ಯಾಕೆ ಮುಟ್ಟುವುದಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿದ್ದದ್ದೂ ಇವೇ ಪ್ರಶ್ನೆಗಳು. ಅನುಮಾನ ಬರಲು ಜಾಗವೇ ಇರಲಿಲ್ಲ.

ನಾವು ಹೋಗುವ ಮೊದಲು ಕಾಕಾನಿಂದ ಅವಳಿಗೆ ಫೋನು ಮಾಡಿಸಿದೆ. ಆದರೂ ಶಂಕ್ರವ್ವ ಬಾಗಿಲಿಗೆ ಅಡ್ಡ ನಿಂತೇ ಮಾತಾಡಿಸಿದಳು. ಎತ್ತರದ ಹೆಂಗಸು, ಸೀರೆಯ ಮೇಲೆಲ್ಲ ಹತ್ತಿಯ ಎಳೆ. ಒಳಗೆ ಮಗ್ಗಗಳು ಖಟಖಟ ಬಡಿಯುತ್ತಿದ್ದವು. ನಾವು ಮರಾಠಿಯಲ್ಲಿ ಕಾಲೇಜು, ಪ್ರಾಜೆಕ್ಟು ಅಂತ ಶುರುಮಾಡಿದರೆ ಅವಳು ಕನ್ನಡದಲ್ಲೇ ಗೊಣಗಿದಳು.

"ಯಾಂವ ಕಳಿಸ್ಯಾನ ನಿಮ್ಮನ್ನ? ಜಿ.ಎಸ್.ಟಿ.ಯವ್ರೇನು?"

"ಅಲ್ರಿ ಅಕ್ಕಾರ. ನಾ ಭೂಪಾಲ ಕಾಕಾರ ಅಣ್ಣನ ಮಗಳು, ತ್ರಿಶಲಾ. ಕಾಲೇಜಿನ ಕೆಲಸಕ್ಕ ಬಂದೇನಿ."

"ಓ, ಗಡಹಿಂಗ್ಲಜದಾಕಿ! ಮದ್ಲ ಕನ್ನಡದಾಗ ಹೇಳಬಾರದೇನ?" ಅಂದಳು. ಓಂಕಾರನ ಕಡೆ ಗದ್ದ ಎತ್ತಿದಳು. "ಈತ?"

"ಈತಗ ಕನ್ನಡ ಬರಾಂಗಿಲ್ರಿ."

"ಬರದಿದ್ರ ಬಿಡು. ಈ ಮಗ್ಗದ ಸಪ್ಪಳದಾಗ ಯಾ ಭಾಷಾನೂ ಕೇಳ್ಸಾಂಗಿಲ್ಲ. ನಮ್ಮ ಮನೆಯವ್ರಿಗಂತೂ ಕಿವಿನ ಹೋಗ್ಯಾವ. ಬರ್ರಿ ಒಳಗ."

ಅವಳ ಮಾವ ರಬಕವಿಯಿಂದ ಮಗ್ಗದ ಕೆಲಸ ಹುಡುಕಿಕೊಂಡು ಬಂದವನಂತೆ. ಒಳಗೆ ಕೂರಿಸಿ ಇದನ್ನೂ, ಅರಿವೆಯ ವ್ಯಾಪಾರದ್ದನ್ನೂ ಹೇಳಿದಳು. ಹೊರಡುವಾಗ ಒಂದೇ ಒಂದು ಮಾತು ಕೇಳಿದಳು: "ನಾ ಹೇಳಿದ್ದು ಎಲ್ಲೆ ಹೊಕ್ಕೇತಿ?"

"ಕಾಲೇಜಿನ ಕಪಾಟಿನಾಗ ಅಷ್ಟ ರೀ," ಅಂದೆ. ನಾನು ನಂಬಿಯೇ ಹೇಳಿದ್ದೆ.

ಆಮೇಲೆ ಅವಳ ಜೊತೆ ನಾವು ಊರೂರು ತಿರುಗಿದೆವು. ಅರಿವೆಯ ಗಂಟು ಕಾಲ ಸಂದಿಯಲ್ಲಿಟ್ಟುಕೊಂಡು ಅವಳು ಬಸ್ಸಿನಲ್ಲಿ ಕೂರುತ್ತಿದ್ದಳು. ಮುರಗೂಡಿನಲ್ಲಿ ಇಳಿದು, ಕಬ್ಬಿನ ಗಾಡಿ ಸಿಕ್ಕರೆ ಅದರಲ್ಲಿ, ಇಲ್ಲದಿದ್ದರೆ ನಡೆದೇ ಗಾಣಕ್ಕೆ ಹೋಗುವುದು. ಹೋದಲ್ಲೆಲ್ಲ, ಮುರಗೂಡಿನಲ್ಲಿ ಮರಾಠಿ, ನಮ್ಮ ಕಡೆ ಕನ್ನಡ, ಬೈಗುಳದಿಂದಲೇ ಶುರು. "ಹಿಂದಿನ ಅರಿವಿ ಹ್ಯಾಂಗ ತೊಳದೀರಿ? ಕಲ್ಲಿಗೆ ಹಾಕಿ ಬಡದೀರೇನು? ನಿಮ್ಮ ಧೋತರಾನೂ ಹಂಗ ಬಡಿತೀರೇನು?" ಗಾಣದವರು ನಗುತ್ತಿದ್ದರು. ಹರಿದದ್ದನ್ನು ಅವರು ಕೇಳುವ ಮೊದಲೇ ಬದಲಿಸಿ ಕೊಡುತ್ತಿದ್ದಳು. ಅವಳ ವ್ಯಾಪಾರ ಅಂದರೆ ಇಷ್ಟೇ: ತಾನೇ ಹೋಗುವುದು, ಬೈಯುವುದು, ಬದಲಿಸಿ ಕೊಡುವುದು. ಹಲಕರ್ಣಿಯವರೆಗೂ ಹೋಗಿ ಬರುತ್ತಿದ್ದಳು. ಓಂಕಾರ ಎಲ್ಲ ಗಾಣಗಳ ಮುಂದೆಯೂ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದ. ಅವಳೂ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ನಿಂತಳು.

ನಾವು ಅರ್ಧ ವರದಿ ಬರೆದು ಗೈಡ್ ಸರ್‌ಗೆ ಕೊಟ್ಟೆವು. ಅವರು ಮೊದಲ ಸಲ ನನ್ನನ್ನು ಹೊಗಳಿದರು.

ಸಂಕ್ರಾಂತಿ ಆಗಿ ಸ್ವಲ್ಪ ದಿನಕ್ಕೆ ಭೂಪಾಲ ಕಾಕಾನ ಫೋನು ಬಂತು. ನಾನು ಕ್ಯಾಂಟೀನಿನಲ್ಲಿದ್ದೆ.

"ತ್ರಿಶಲಾ, ನೀ ಅರಿವಿ ಮಾರೂ ಧಂದೆ ಸುರು ಮಾಡಿಯೇನವಾ?"

"ಏನ ಕಾಕಾ?"

"ಟೆಂಪೋದಾಗ ಒಬ್ಬಾಂವ ಬಂದಿದ್ದ. ನಿಮ್ಮ ತ್ರಿಶಲಾ ಮೇಡಮ್ಮಾರ ಕಳಿಸ್ಯಾರ, ಕಾಲೇಜಿನಾಗ ಸಂಶೋಧನಾ ಮಾಡಿ ತಯಾರ ಮಾಡಿದ ಅರಿವಿ, ಶಂಕ್ರವ್ವನ ಅರಿವಿಗಿಂತ ಸ್ವಸ್ತ, ಕಡಿಮಿ ರೇಟು ಅಂದ. ಮುರಗೂಡ ಕಡೆ ಎಲ್ಲಾ ಗಾಣಕ್ಕೂ ಕೊಟ್ಟ ಬಂದೇನಿ ಅಂದ. ನಂಗ ಶಂಕ್ರವ್ವನ ಮುಂದ ಮಾರಿ ತೋರ್ಸಾಕ ಆಗದಂಗ ಮಾಡಿದಿ. ನಿನಗ ಆಕಿ ಬಾಗಿಲಾ ತಗದಿದ್ದು ನನ್ನ ಮಾತಿನ ಮ್ಯಾಲ!"

ಕಾಕಾ ನನಗೆ ಯಾವತ್ತೂ ದನಿ ಏರಿಸಿದವನಲ್ಲ. ನಾನು ಏನಾದರೂ ಹೇಳುವ ಮೊದಲೇ ಫೋನು ಇಟ್ಟುಬಿಟ್ಟ.

ಎದುರಿಗೇ ಓಂಕಾರ ಕೂತಿದ್ದ. ಕೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಗಾಣಗಳ ಫೋಟೋಗಳನ್ನು ಶೇಠ ಕೇಳಿದ್ದರು, ಕಳಿಸಿದೆ ಅಂದ. "ಇದರಲ್ಲಿ ತಪ್ಪೇನಿದೆ? ಇದಕ್ಕೇ ಸ್ಪರ್ಧೆ ಅನ್ನುವುದು. ಪುಸ್ತಕದಲ್ಲಿ ಓದಿದಾಗ ನಿನಗೆ ಅರ್ಥವಾಗಿರಲಿಲ್ಲವೇ?" ಅಂದ. ಮುಖದ ಮೇಲೆ ಅದೇ ನಗು. ಆ ನಗುವಿನ ಮೇಲೆ ಚಹಾ ಎರಚಬೇಕು ಅನ್ನಿಸಿತು. ಎರಚಲಿಲ್ಲ ಅನ್ನುವುದು ನನಗೆ ಇವತ್ತಿಗೂ ಸ್ವಲ್ಪ ಬೇಜಾರೇ.

ಗೈಡ್ ಸರ್ ಕೋಣೆಗೆ ಹೋದೆ. ನನ್ನ ಹೆಸರು ಹೇಳಿ ಮಾಲು ಮಾರುತ್ತಿದ್ದಾರೆ ಅಂದೆ. ಅವರು ಕಾಗದದಿಂದ ತಲೆ ಎತ್ತಲಿಲ್ಲ. ಪ್ರಾಜೆಕ್ಟ್ ಕೊಟ್ಟದ್ದು ಕಂಪನಿ, ಅಂದಮೇಲೆ ಮಾಹಿತಿಯೂ ಕಂಪನಿಯದೇ ಅಂದರು. "ಶೇಠರು ನನ್ನ ಹೆಂಡತಿಯ ಅಣ್ಣ. ನಿಮಗೆ ಕೆಟ್ಟದ್ದು ಮಾಡುವವರಲ್ಲ. ನಾಳೆ ನೌಕರಿಯನ್ನೂ ಕೊಡಬಹುದು," ಅಂದರು. ಈ ನೆಂಟಸ್ತಿಕೆ ನನಗೆ ಗೊತ್ತಾದದ್ದು ಆಗಲೇ. ಅದನ್ನು ಅವರು ಮಳೆ ಬರುವ ಹಾಗಿದೆ ಅನ್ನುವಷ್ಟು ಸಲೀಸಾಗಿ ಹೇಳಿದರು.

ಅದಾಗಿ ಬಂದ ಸೋಮವಾರ ಶಂಕ್ರವ್ವ ಕಾಲೇಜಿಗೆ ಬಂದಳು. ನಮ್ಮ ಕ್ಲಾಸು ನಡೆದಿತ್ತು. ಗೈಡ್ ಸರ್ ಹಲಗೆಯ ಮುಂದಿದ್ದರು. ಕಾವಲುಗಾರ ಹಿಂದಿನಿಂದ "ಓ ಮಾವಶೀ, ಓ ಮಾವಶೀ" ಅಂತ ಕೂಗುತ್ತ ಬರುತ್ತಿದ್ದ. ಅವಳು ತಿರುಗಿಯೂ ನೋಡದೆ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಟೆಂಪೋದವನು ಹಂಚಿದ, ಅಂಚಿನಲ್ಲಿ ಶೇಠರ ಛಾಪಿದ್ದ ಹೊಸ ಅರಿವೆಯ ಒಂದು ತುಂಡಿತ್ತು.

"ಎಲ್ಲೆ ಅದಾಳ ಆ ಗಡಹಿಂಗ್ಲಜದಾಕಿ?"

ನಾನು ಎದ್ದು ನಿಂತೆ. ಗೈಡ್ ಸರ್ ಮರಾಠಿಯಲ್ಲಿ, ಯಾರು ನೀವು, ಹೊರಗೆ ಹೋಗಿ ಅಂದರು. ಶಂಕ್ರವ್ವ ಹುಟ್ಟಿದ್ದೇ ಇಚಲಕರಂಜಿಯಲ್ಲಿ. ಅವಳ ಮರಾಠಿ ನಮ್ಮೆಲ್ಲರಿಗಿಂತ ಸ್ವಚ್ಛ. ಮುರಗೂಡಿನ ಗಾಣದವರನ್ನು ಆ ಭಾಷೆಯಲ್ಲೇ ಬೈದು ನಗಿಸುತ್ತಿದ್ದಳು. ಆದರೆ ಆ ದಿನ ಅವಳು ಒಂದು ಶಬ್ದವೂ ಮರಾಠಿಯಲ್ಲಿ ಆಡಲಿಲ್ಲ. ನನ್ನ ಕಣ್ಣಲ್ಲೇ ಕಣ್ಣಿಟ್ಟು ಕನ್ನಡದಲ್ಲೇ ಹೇಳಿದಳು:

"ಕಾಲೇಜಿನ ಕಪಾಟಿನಾಗ ಇಡ್ತೇನಿ ಅಂದಿದ್ದಿಯಲ್ಲ, ಕಪಾಟ ತೋರ್ಸು. ಅದಕ ಟೆಂಪೋದ ಗಾಲಿ ಹಚ್ಚೀರೇನು?"

"ತೀ ಕಾಯ ಮ್ಹಣತೇ?" ಅವಳು ಏನನ್ನುತ್ತಾಳೆ ಅಂತ ಗೈಡ್ ಸರ್ ನನ್ನನ್ನು ಕೇಳಿದರು. ಇಡೀ ಕ್ಲಾಸು ನನ್ನ ಕಡೆ ತಿರುಗಿತು. ಆ ಕೋಣೆಯಲ್ಲಿ ಎರಡೂ ಭಾಷೆ ಗೊತ್ತಿದ್ದವರು ಅವಳು ಮತ್ತು ನಾನು, ಇಬ್ಬರೇ. ಅವಳ ಹಟ ನನಗೆ ಆಗ ಅರ್ಥವಾಯಿತು. ತಾನು ಹೇಳಿದರೆ ಹುಚ್ಚು ಹೆಂಗಸು ಬೈದು ಹೋದಳು ಅನ್ನುತ್ತಾರೆ. ಅದು ನನ್ನ ಬಾಯಿಂದ ಬರಬೇಕಿತ್ತು.

ನಾನು ಮರಾಠಿಯಲ್ಲಿ ಹೇಳಿದೆ. ಒಂದಕ್ಷರ ಬಿಡಲಿಲ್ಲ.

"ಕೇಳು ನಿಮ್ಮ ಮಾಸ್ತರನ್ನ," ಅಂದಳು ಶಂಕ್ರವ್ವ. "ನನ್ನ ಗಾಣಗಳ ದಾರಿ ಆ ಶೇಠಗ ತೋರಿಸಿದಾಂವ ಯಾಂವ? ಈ ಪೋರಿಯೋ, ನೀವೋ?"

ನಾನು ತಿರುಗಿ, ನನ್ನ ಗೈಡಿನ ಮುಖಕ್ಕೆ ಮುಖ ಕೊಟ್ಟು, ಮರಾಠಿಯಲ್ಲಿ ಹೇಳಿದೆ: "ಅವರ ದಾರಿಯನ್ನು ಶೇಠರಿಗೆ ತೋರಿಸಿದವರು ನಾನೋ ನೀವೋ ಅಂತ ಕೇಳುತ್ತಿದ್ದಾರೆ, ಸರ್."

"ಅವಳನ್ನು ಹೊರಗೆ ಹಾಕಿ!" ಸರ್ ಕಾವಲುಗಾರನಿಗೆ ಕೂಗಿದರು.

"ನನ್ನ ವರದಿ ನಾನು ನಿಮ್ಮ ಕೈಗೆ ಕೊಟ್ಟೆ, ಸರ್. ನೀವು ಯಾರ ಕೈಗೆ ಕೊಟ್ಟಿರಿ? ಇದು ಅವರು ಕೇಳುತ್ತಿಲ್ಲ. ಇದು ನಾನು ಕೇಳುತ್ತಿದ್ದೇನೆ."

ಕಾವಲುಗಾರ ಶಂಕ್ರವ್ವನ ತೋಳು ಹಿಡಿಯಲು ಬಂದ. ಅವಳು ಕೈ ಕೊಡವಿ, ಆ ಅರಿವೆಯ ತುಂಡನ್ನು ಮೇಜಿನ ಮೇಲೆ ಒಗೆದಳು. ನನ್ನ ಕಡೆ ನೋಡಿ, "ನಿನ್ನ ಕನ್ನಡ ಕೇಳಿ ಬಾಗಿಲಾ ತಗದೆ. ಬ್ಯಾರೆ ಯಾರರೆ ಬಂದಿದ್ರ ತಗೀತಿದ್ದಿಲ್ಲ," ಅಂದಳು. ಇದನ್ನು ಮಾತ್ರ ನಾನು ಯಾರಿಗೂ ಮರಾಠಿಯಲ್ಲಿ ಹೇಳಲಿಲ್ಲ. ಅವಳು ಹೊರಟುಹೋದಳು.

ಮುಂದೆ ನಡೆದದ್ದನ್ನು ಉದ್ದ ಹೇಳುವುದಿಲ್ಲ. ಸರ್ ನನ್ನನ್ನು ಕರೆದು ಎರಡು ದಾರಿ ಇಟ್ಟರು. ಕ್ಷಮೆ ಕೇಳಿ ಶೇಠರ ಸರ್ಟಿಫಿಕೇಟು ತೆಗೆದುಕೊಂಡು ಪಾಸಾಗುವುದು, ಇಲ್ಲವೇ ಆ ವರ್ಷವನ್ನು ಮರೆಯುವುದು. ನಾನು ಅವರ ಮೇಲಿನವರ ಹತ್ತಿರ ಹೋದೆ. ಅವರು ಕನ್ನಡಕ ಒರೆಸುತ್ತ ಪೂರ್ತಿ ಕೇಳಿಸಿಕೊಂಡು, "ಮಗಳೇ, ಹೊಂದಿಕೊಂಡು ಹೋಗಬೇಕು," ಅಂದರು. ನಾನು ಹೊಂದಿಕೊಳ್ಳಲಿಲ್ಲ. ಪ್ರಾಜೆಕ್ಟಿನಿಂದ ಹೆಸರು ತೆಗೆದೆ. ಅಪ್ಪ ಊಟಕ್ಕೆ ಕೂತಾಗ ನನ್ನ ಕಡೆ ನೋಡುವುದನ್ನೇ ಬಿಟ್ಟ. "ಮಂದಿ ಜಗಳ ನಿನಗ ಯಾಕ ಬೇಕಿತ್ತು?" ಅಂತ ಅವ್ವನ ಮೂಲಕ ಕೇಳಿಸಿದ. ಮರುವರ್ಷ ಬೇರೆ ಗೈಡಿನ ಕೈಕೆಳಗೆ ಬೇರೆ ವಿಷಯ ಮಾಡಿ ಪಾಸಾದೆ. ಓಂಕಾರ ಅದೇ ವರದಿ ಒಬ್ಬನೇ ಕೊಟ್ಟು, ಒಳ್ಳೆಯ ಅಂಕ ತೆಗೆದು, ಶೇಠರ ಹತ್ತಿರವೇ ನೌಕರಿಗೆ ಸೇರಿದ. ಗೈಡ್ ಸರ್‌ಗೆ ಏನೂ ಆಗಲಿಲ್ಲ. ಏನಾದರೂ ಆಗಿದ್ದರೆ ಇದನ್ನು ಓದುವವರಿಗೆ ಸಮಾಧಾನ ಆಗುತ್ತಿತ್ತೇನೋ. ಆಗಲಿಲ್ಲ.

ಆದರೆ ಆ ಹಂಗಾಮು ಇನ್ನೂ ಮುಗಿದಿರಲಿಲ್ಲ. ಕಾಲೇಜು ಬಿಟ್ಟು ಕೂತವಳಿಗೆ ಕೆಲಸವೂ ಇರಲಿಲ್ಲ. ಕಾಕಾನ ಸ್ಕೂಟರು ಕೇಳಿದೆ. ಯಾಕೆ ಅಂದ. ಟೆಂಪೋ ಹೋದಲ್ಲೆಲ್ಲ ನಾನೂ ಹೋಗಬೇಕು ಅಂದೆ. ಅವನು ಮಾತಾಡದೆ ಕೀಲಿ ಕೊಟ್ಟ.

ಬಿಸಿಲು ಏರಿತ್ತು. ಕಬ್ಬು ಕಡಿದ ಹೊಲಗಳಲ್ಲಿ ಉಳಿದ ರವದಿಗೆ, ಒಣ ಸೋಗೆಗೆ, ಬೆಂಕಿ ಹಚ್ಚಿದ್ದರು, ಕರಿ ಬೂದಿ ಹಾರಿ ಹಾರಿ ಮುಖಕ್ಕೆ ಮೆತ್ತುತ್ತಿತ್ತು. ಒಂದೊಂದೇ ಗಾಣಕ್ಕೆ ಹೋಗಿ ಹೇಳಿದೆ: ನಾನು ತ್ರಿಶಲಾ. ನಾನು ಯಾರನ್ನೂ ಕಳಿಸಿಲ್ಲ. ಆ ಅರಿವೆಗೂ ಕಾಲೇಜಿಗೂ ಸಂಬಂಧವಿಲ್ಲ. ನನ್ನ ಹೆಸರು ಕೇಳಿ ತೆಗೆದುಕೊಂಡಿದ್ದರೆ ಅದು ಸುಳ್ಳು.

ಜನ ಹೌಹಾರುತ್ತಾರೆ, ಶೇಠನನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಮುರಗೂಡಿನ ಹತ್ತಿರದ ಗಾಣದವನು ಕೊಪ್ಪರಿಗೆಯ ನೊರೆ ತೆಗೆಯುತ್ತ, "ಕೋಣ ತ್ರಿಶಲಾ?" ಅಂದ. ಯಾವ ತ್ರಿಶಲಾ! ನಿನ್ನ ಹೆಸರು ಯಾರು ಕೇಳಿದರು, ಅರಿವೆ ಸ್ವಸ್ತ ಇತ್ತು, ಇಳಿಸಿಕೊಂಡೆವು ಅಂದ. ಹಲಕರ್ಣಿಯವನು ಇನ್ನೂ ಒರಟ. "ಮದ್ಲ ನೀವೆಲ್ಲಾ ಫೋಟೋ ತಗೀಲಿಕ್ಕ ಬಂದ್ರಿ, ಆಮ್ಯಾಲ ಟೆಂಪೋ ಬಂತು, ಈಗ ನೀ ಬಂದಿ. ಒಂದ ಅರಿವಿ ತುಂಡಿಗೆ ಎಷ್ಟ ಮಂದಿ ತಿರಗತೀರ್ಯೋ! ದಾರಿ ಬಿಡವಾ, ಪಾಕ ಬಂದೈತಿ," ಅಂತ ಬಿಸಿ ಸಟ್ಟುಗ ಹಿಡಿದುಕೊಂಡೇ ನನ್ನನ್ನು ಸರಿಸಿದ. ನಾನು ಸರಿಯಲಿಲ್ಲ. ಮಾತು ಮುಗಿಸಿಯೇ ಸರಿದೆ. ಅವನಿಗೂ ಸಿಟ್ಟು ಬಂತು, ನನಗೂ ಬಂತು. ಇಬ್ಬರೂ ಕೂಗಾಡಿದೆವು. ಪಾಕ ಸ್ವಲ್ಪ ಹೆಚ್ಚೇ ಕುದಿಯಿತೇನೋ, ನನಗೆ ಅದರ ಚಿಂತೆಯಿಲ್ಲ.

ಎಲ್ಲರೂ ಹಾಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಗಡಹಿಂಗ್ಲಜದ ಹತ್ತಿರ ಒಂದು ಗಾಣವನ್ನು ಒಬ್ಬ ಮುದುಕಿಯೇ ನಡೆಸುತ್ತಿದ್ದಳು. ಅವಳು ನನ್ನ ಮಾತು ಪೂರ್ತಿ ಕೇಳಿದಳು. ಆಮೇಲೆ, "ಶಂಕ್ರವ್ವನ ಕಡಿಂದ ನಾ ಎರಡ ಸಲ ಬೈಸ್ಕೊಂಡೇನಿ ಈ ವರ್ಷ. ಟೆಂಪೋದಾಂವ ಬೈಲಿಲ್ಲ, ಅದಕ ಅನುಮಾನ ಬಂದಿತ್ತು," ಅಂದಳು. ಮುಂದಿನ ಹಂಗಾಮಿಗೆ ಶಂಕ್ರವ್ವನಿಗೇ ಬಾ ಅನ್ನು ಅಂದಳು. ಆ ದಿನ ವಾಪಸು ಬರುವಾಗ ಸ್ಕೂಟರಿನ ಮೇಲೆ ಒಬ್ಬಳೇ ಅತ್ತೆ. ಖುಷಿಗಲ್ಲ. ಇಡೀ ವಾರ ಕೂಗಾಡಿದವಳಿಗೆ ಒಬ್ಬರು ಮೆತ್ತಗೆ ಮಾತಾಡಿದ್ದೇ ತಡೆಯಲಾಗಲಿಲ್ಲ.

ಕಾಕಾನ ಗಾಣದ ಕೊನೆಯ ಕೊಪ್ಪರಿಗೆ ಇಳಿಯುವ ದಿನ ಶಂಕ್ರವ್ವ ಬಂದಳು. ಬರುತ್ತಾಳೆ ಅಂತ ಕಾಕಾ ನನಗೆ ಹೇಳಿರಲಿಲ್ಲ. ಬೇಕಂತಲೇ ಹೇಳಿರಲಿಲ್ಲ. ಅವಳು ಚಪ್ಪರದ ಕೆಳಗೆ ಕೂತು ಹಳೆಯ ಅರಿವೆಗಳನ್ನು ಬಿಡಿಸಿ ನೋಡುತ್ತಿದ್ದಳು. ನಾನು ಬಂದದ್ದು ಕಂಡಳು, ಆದರೆ ಕೈ ನಿಲ್ಲಿಸಲಿಲ್ಲ.

"ಮಾತಾಡ್ರಿ ಇಬ್ರೂ," ಅಂದ ಕಾಕಾ. "ಹುಡುಗಿ ವರ್ಷಾನ ಕಳಕೊಂಡಾಳ, ಶಂಕ್ರವ್ವಾ. ಊರೂರು ತಿರಿಗ್ಯಾಳ."

"ಕೇಳೇನ್ರಿ ಅಣ್ಣಾರ. ಮಂದಿ ಹೇಳ್ಯಾರ," ಅಂದಳು ಅವಳು. "ಅದಕ್ಕ ನಾ ಏನ ಮಾಡ್ಲಿ? ಆರತಿ ಎತ್ಲೇನ?"

ನಾನು ಆ ಕಡೆ ಈ ಕಡೆ ಎಲ್ಲರಿಂದ ಬೈಸಿಕೊಂಡು, ವರ್ಷ ಕಳೆದುಕೊಂಡು, ಕೊನೆಗೆ ಇವಳಿಂದಲೂ ಇದನ್ನೇ ಕೇಳಬೇಕೇ?

"ನಾ ಬೇಡಾಕ ಬಂದಿಲ್ರಿ," ಅಂದೆ. "ನೀವು ಕಾಲೇಜಿನಾಗ ಎಲ್ಲಾರ ಮುಂದ ನಿಂದ್ರಿಸಿದ್ರಿ. ನಾ ನಿಂತೆ. ನಾ ಮೋಸಾ ಮಾಡಿಲ್ಲ, ನನಗ ಮೋಸಾ ಆಗೇತಿ. ಇಷ್ಟ ಹೇಳಾಕ ಬಂದೇನಿ."

"ಮೋಸಾ ನಿನಗ ಆಗೇತಿ, ಗಿರಾಕಿ ನನ್ನವು ಹೋಗ್ಯಾವ." ಅವಳು ಅರಿವೆ ಕೆಳಗಿಟ್ಟು ಮೊದಲ ಸಲ ನನ್ನನ್ನು ನೋಡಿದಳು. "ಇನ್ನ ಯಾವ ಕಾಲೇಜಿನವ್ರಿಗೂ ನಾ ಬಾಗಿಲಾ ತಗಿಯಾಂಗಿಲ್ಲ. ನಿನಗೂ ತಗಿಯಾಂಗಿಲ್ಲ. ಬೇಜಾರ ಮಾಡ್ಕೊಂಡ್ರ ಮಾಡ್ಕೋ."

"ಮಾಡ್ಕೋಳಾಂಗಿಲ್ಲ. ನೀವು ಬಾಗಿಲಾ ತಗೀಲಿ ಅಂತ ನಾ ತಿರಗಿಲ್ಲ."

"ಮತ್ತ ಯಾಕ ತಿರಗಿದಿ?"

"ನನ್ನ ಹೆಸರ ಹೊತ್ಕೊಂಡ ಹೋಗಿದ್ರು. ಅದನ್ನ ತಿರಗಿ ಇಸ್ಕೋಳಾಕ ಹೋಗಿದ್ದೆ."

ಆ ಕಡೆ ಕೊಪ್ಪರಿಗೆ ಇಳಿಸುವವರು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದರು. ಬಿಸಿ ಪಾಕದ ಹಬೆ ಚಪ್ಪರದೊಳಗೆ ನುಗ್ಗಿ ನಮ್ಮಿಬ್ಬರ ಮುಖಗಳೂ ಬೆವೆತವು.

"ಸಿಕ್ತೇನ?" ಅಂದಳು ಶಂಕ್ರವ್ವ.

"ಅರ್ಧಾ ಸಿಕ್ತು."

ಅವಳು ಅರಿವೆಗಳನ್ನು ಒಟ್ಟುಮಾಡಿ ಗಂಟು ಕಟ್ಟಿದಳು. ಎದ್ದು ಸೊಂಟದ ಮೇಲೆ ಇಟ್ಟುಕೊಂಡಳು.

"ನನ್ನ ಗಿರಾಕೀನೂ ಅರ್ಧಾನ ಸಿಕ್ಕಾವ," ಅಂದಳು. ಬಸ್ಸಿನ ಹೊತ್ತಾಯಿತೆಂದು ರಸ್ತೆಯ ಕಡೆ ನಡೆದಳು.